ಊಟ ಆಯ್ತಾ ಅಂತ ಕೇಳುವ ಹುಡುಗರು

1992ರ ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯಾದ ಎಂಬಿಸಿ ಟಿವಿಯಲ್ಲಿ ಹೊಸ ಹಾಡುಗಾರರ ಒಂದು ಕಾರ್ಯಕ್ರಮ ನಡೆಯಿತು. ಅಲ್ಲಿಗೆ ದೊಗಳೆ ಬಟ್ಟೆ ಹಾಕಿಕೊಂಡ ಮೂವರು ಹುಡುಗರು ಬಂದರು. ಹೆಸರು ಸಿಯೋ ತೈಜಿ ಅಂಡ್ ಬಾಯ್ಸ್. ಅವರ ಹಾಡಿನಲ್ಲಿ ರ‍್ಯಾಪ್ ಇತ್ತು, ರಾಕ್ ಗಿಟಾರ್ ಇತ್ತು, ಜೊತೆಗೆ ಮೈ ಮುರಿಯುವ ಕುಣಿತ. ಮುಂದೆ ಕೂತಿದ್ದ ಹಿರಿಯ ತೀರ್ಪುಗಾರರಿಗೆ ಇದು ಹಿಡಿಸಲಿಲ್ಲ. ಅವತ್ತು ಎಲ್ಲರಿಗಿಂತ ಕಡಿಮೆ ಅಂಕ ಇವರಿಗೇ ಬಿತ್ತು. ಆದರೆ ಟಿವಿ ಮುಂದೆ ಕೂತಿದ್ದ ಶಾಲಾ ಮಕ್ಕಳು ಬೇರೆಯೇ ತೀರ್ಪು ಕೊಟ್ಟರು. ಆ ಹಾಡು 17 ವಾರ ಚಾರ್ಟ್‌ನ ತುದಿಯಲ್ಲಿ ಕೂತಿತು.

ಕೊರಿಯಾದ ಹುಡುಗರ ತಂಡಗಳ ಕಥೆಯನ್ನು ಬಿಟಿಎಸ್‌ನಿಂದ ಶುರು ಮಾಡುವವರೇ ಜಾಸ್ತಿ. ನನಗೆ ಮಾತ್ರ ಅದು ಈ ಕಡಿಮೆ ಅಂಕದಿಂದಲೇ ಶುರುವಾಯಿತು ಅನ್ನಿಸುತ್ತದೆ. ಯಾಕೆಂದರೆ ಮೂವತ್ತು ವರ್ಷಗಳಲ್ಲಿ ಈ ತಂಡಗಳು ಯಾರ ಜೊತೆ ಮಾತಾಡುತ್ತಾ ಬಂದಿವೆ ಎಂದು ನೋಡಿದರೆ, ಅದು ಅಂಕಗಳ ಕೆಳಗೆ ಒದ್ದಾಡುವ ಮಕ್ಕಳ ಜೊತೆ.

ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮದು ತಾಲ್ಲೂಕು ಊರು. ಹುಡುಗಿಯರು ಅಕ್ಕಪಕ್ಕದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಾರೆ. ಅವರ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕೊರಿಯನ್ ಅಕ್ಷರಗಳು ಕಾಣತೊಡಗಿದಾಗ ನಾನು ಇದರ ಹಿಂದೆ ಬಿದ್ದೆ. ಆ ಹುಡುಗರಲ್ಲಿ ನಿನಗೆ ಏನು ಇಷ್ಟ ಅಂತ ಒಬ್ಬಳನ್ನು ಕೇಳಿದೆ. ಚೆನ್ನಾಗಿದ್ದಾರೆ, ಚೆನ್ನಾಗಿ ಕುಣಿಯುತ್ತಾರೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಹೇಳಿದ್ದು ಹೀಗೆ: "ಮೇಡಂ, ಎಲ್ರೂ ಓದಿದ್ಯಾ ಓದಿದ್ಯಾ ಅಂತಾರೆ. ಅವ್ರು ಲೈವ್‌ಗೆ ಬಂದ್ರೆ ಊಟ ಆಯ್ತಾ ಅಂತ ಕೇಳ್ತಾರೆ."

ಆ ಮಾತು ನನ್ನನ್ನು ತುಂಬಾ ದೂರ ಕರೆದುಕೊಂಡು ಹೋಯಿತು.

ಕೊರಿಯಾದಲ್ಲಿ ಕಾಲೇಜು ಪ್ರವೇಶಕ್ಕೆ ಸುನುಂಗ್ ಎಂಬ ಪರೀಕ್ಷೆ ಇದೆ. ಇವತ್ತಿನ ರೂಪದಲ್ಲಿ ಅದು ಶುರುವಾದದ್ದು 1993ರಲ್ಲಿ. ಪ್ರತಿ ನವೆಂಬರ್‌ನಲ್ಲಿ ಒಂದು ದಿನ ನಡೆಯುತ್ತದೆ. ಅವತ್ತು ರಸ್ತೆ ಖಾಲಿ ಇರಲಿ ಅಂತ ಕಚೇರಿಗಳು ತಡವಾಗಿ ಬಾಗಿಲು ತೆಗೆಯುತ್ತವೆ. ಇಂಗ್ಲಿಷ್ ಕೇಳಿಸಿಕೊಂಡು ಉತ್ತರ ಬರೆಯುವ ಹೊತ್ತಿನಲ್ಲಿ ವಿಮಾನಗಳು ಏರುವಂತಿಲ್ಲ, ಇಳಿಯುವಂತಿಲ್ಲ. ತಡವಾದ ಮಕ್ಕಳನ್ನು ಪೊಲೀಸರು ಬೈಕ್ ಮೇಲೆ ಕೂರಿಸಿಕೊಂಡು ಹೋಗಿ ಬಿಡುತ್ತಾರೆ. ಆ ಒಂದು ದಿನಕ್ಕಾಗಿ ಮಕ್ಕಳು ಶಾಲೆ ಮುಗಿಸಿ ಹಾಗ್ವಾನ್ ಎಂಬ ಟ್ಯೂಷನ್ ಸೆಂಟರ್‌ಗೆ ಹೋಗಿ ರಾತ್ರಿ ಹತ್ತರವರೆಗೆ ಓದುತ್ತಾರೆ. ನೀಟ್, ಸಿಇಟಿ ಕೋಚಿಂಗ್ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿಯೋ ತೈಜಿ ಸ್ವತಃ ಹೈಸ್ಕೂಲು ಬಿಟ್ಟವನು. 1994ರಲ್ಲಿ ಅವನ ತಂಡ ನೇರವಾಗಿ ತರಗತಿಯ ಬಗ್ಗೆಯೇ ಹಾಡಿತು. ಬೆಳಿಗ್ಗೆ ಏಳೂವರೆಗೆ ಮಕ್ಕಳನ್ನು ಸಣ್ಣ ಕೋಣೆಗೆ ತಳ್ಳಿ ಎಲ್ಲರ ತಲೆಗೂ ಒಂದನ್ನೇ ತುಂಬುತ್ತೀರಲ್ಲ ಎಂದು ಸಿಟ್ಟಿನಿಂದ ಕೇಳಿದ ಹಾಡು ಅದು. ಆಗಿನ ಕೊರಿಯಾದಲ್ಲಿ ಹಾಡಿನ ಸಾಲುಗಳನ್ನು ಮೊದಲೇ ಸರ್ಕಾರಿ ಸಮಿತಿಗೆ ತೋರಿಸಬೇಕಿತ್ತು. 1995ರಲ್ಲಿ ಇವರ ಇನ್ನೊಂದು ಹಾಡಿನ ಸಾಲುಗಳನ್ನು ತಿದ್ದಲು ಸಮಿತಿ ಹೇಳಿತು. ತಿದ್ದುವುದಿಲ್ಲ ಎಂದು ಇವರು ಸಾಲುಗಳನ್ನೇ ತೆಗೆದುಹಾಕಿ ಬರೀ ಸಂಗೀತವನ್ನು ಆಲ್ಬಮ್‌ನಲ್ಲಿ ಹಾಕಿದರು. ಅಭಿಮಾನಿಗಳು ಬೀದಿಗೆ ಬಂದು ಸಹಿ ಸಂಗ್ರಹಿಸಿದರು. ಮರುವರ್ಷವೇ ಆ ಮುಂಗಡ ಪರಿಶೀಲನೆಯ ಪದ್ಧತಿ ರದ್ದಾಯಿತು. ಅಷ್ಟರಲ್ಲಿ ತಂಡ ಒಡೆದಿತ್ತು. ಮೂವರಲ್ಲಿ ಒಬ್ಬನಾದ ಯಾಂಗ್ ಹ್ಯುನ್-ಸುಕ್ 1996ರಲ್ಲಿ ಒಂದು ಕಂಪನಿ ಕಟ್ಟಿದ. ಮುಂದೆ ಬಿಗ್‌ಬ್ಯಾಂಗ್ ತಂಡವನ್ನು ತಂದ ವೈಜಿ ಎಂಟರ್‌ಟೈನ್‌ಮೆಂಟ್ ಅದೇ.

ಈ ಮಕ್ಕಳ ಸಿಟ್ಟನ್ನು ಇನ್ನೊಬ್ಬರು ಬೇರೆ ಕಣ್ಣಿನಿಂದ ನೋಡುತ್ತಿದ್ದರು. ಲೀ ಸೂ-ಮಾನ್. 70ರ ದಶಕದಲ್ಲಿ ಫೋಕ್ ಹಾಡುಗಾರ, ಆಮೇಲೆ ಅಮೆರಿಕಕ್ಕೆ ಹೋಗಿ ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರು. ಅಲ್ಲಿ ಎಂಟಿವಿ ನೋಡಿಕೊಂಡು ಬಂದ ಅವರು 1995ರಲ್ಲಿ ಎಸ್‌ಎಂ ಎಂಟರ್‌ಟೈನ್‌ಮೆಂಟ್ ಶುರು ಮಾಡಿದರು. 1996ರ ಸೆಪ್ಟೆಂಬರ್‌ನಲ್ಲಿ ಎಚ್.ಒ.ಟಿ. ಎಂಬ ಐದು ಹುಡುಗರ ತಂಡ ಬಂತು. ಅವರ ಮೊದಲ ಹಾಡೇ ಶಾಲೆಯಲ್ಲಿ ಹೊಡೆತ ತಿನ್ನುವ ಹುಡುಗನ ಬಗ್ಗೆ. ಅಂದರೆ ಸಿಯೋ ತೈಜಿಗೆ ಒಳಗಿನಿಂದ ಬಂದ ಸಿಟ್ಟನ್ನು ಲೀ ಸೂ-ಮಾನ್ ಒಂದು ವ್ಯವಸ್ಥೆಯಾಗಿ ಕಟ್ಟಿದರು. ಹುಡುಗರನ್ನು ಹುಡುಕುವುದು, ತರಬೇತಿ ಕೊಡುವುದು, ಹಾಡು ಮಾಡಿಸುವುದು, ಮಾರುವುದು, ಎಲ್ಲ ಒಂದೇ ಸೂರಿನ ಕೆಳಗೆ.

ಅದು ಕೆಲಸ ಮಾಡಿತು. ಎಚ್.ಒ.ಟಿ. ಅಭಿಮಾನಿಗಳು ಬಿಳಿ ಬಲೂನ್ ಹಿಡಿದರು, ಎದುರಾಳಿ ತಂಡ ಸೆಕ್ಸ್‌ಕೀಸ್‌ನವರು ಹಳದಿ ಬಲೂನ್ ಹಿಡಿದರು. ಇವತ್ತು ಪ್ರತಿ ತಂಡಕ್ಕೂ ಒಂದೊಂದು ಲೈಟ್‌ಸ್ಟಿಕ್, ಅಂದರೆ ಅಭಿಮಾನಿಗಳು ಕೈಯಲ್ಲಿ ಹಿಡಿಯುವ ದೀಪದ ಕೋಲು ಇದೆಯಲ್ಲ, ಅದರ ಬೇರು ಈ ಬಲೂನುಗಳಲ್ಲಿ. 1997ರ ಕೊನೆಗೆ ದೇಶ ದಿವಾಳಿಯ ಅಂಚಿಗೆ ಬಂದು ಐಎಂಎಫ್ ಬಾಗಿಲು ತಟ್ಟಿತು. ಜನ ಮನೆಯ ಚಿನ್ನ ತಂದು ಸರ್ಕಾರಕ್ಕೆ ಕೊಟ್ಟ ಕಾಲ ಅದು. ಐದು ಕೋಟಿಯೂ ಇಲ್ಲದ ದೇಶದ ಮಾರುಕಟ್ಟೆಯನ್ನೇ ನಂಬಿಕೊಂಡರೆ ಬದುಕಲಾಗದು ಎಂದು ಕಂಪನಿಗಳಿಗೆ ಗೊತ್ತಾಯಿತು. 2000ರ ಫೆಬ್ರವರಿಯಲ್ಲಿ ಎಚ್.ಒ.ಟಿ. ಬೀಜಿಂಗ್‌ನಲ್ಲಿ ಹಾಡಿತು. ಆಮೇಲೆ ಟಿವಿಎಕ್ಸ್‌ಕ್ಯೂ ಎಂಬ ಐವರ ತಂಡ ಜಪಾನಿಗೆ ಹೋಗಿ, ಜಪಾನಿ ಕಲಿತು, ಜಪಾನಿಯಲ್ಲೇ ಹಾಡಿ, 2009ರಲ್ಲಿ ಟೋಕಿಯೊ ಡೋಮ್ ಕ್ರೀಡಾಂಗಣ ತುಂಬಿಸಿತು.

ಇಲ್ಲಿಗೆ ನನ್ನ ಮನಸ್ಸು ಕಚ್ಚುವ ಜಾಗ ಬಂತು.

ಪರೀಕ್ಷೆಯ ಹೊರೆಯ ಬಗ್ಗೆ ಹಾಡುವ ಈ ಹುಡುಗರನ್ನು ತಯಾರು ಮಾಡುವ ರೀತಿ ಇದೆಯಲ್ಲ, ಅದು ಸುನುಂಗ್‌ಗಿಂತ ಕಠಿಣ ಪರೀಕ್ಷೆ. ಹದಿಮೂರು ಹದಿನಾಲ್ಕು ವಯಸ್ಸಿಗೆ ಆಡಿಷನ್. ಆಯ್ಕೆಯಾದರೆ ಟ್ರೈನಿ. ಹಗಲು ಶಾಲೆ, ಸಂಜೆಯಿಂದ ನಡುರಾತ್ರಿವರೆಗೆ ಕನ್ನಡಿ ಗೋಡೆಯ ಕೋಣೆಯಲ್ಲಿ ಕುಣಿತ, ಹಾಡು, ರ‍್ಯಾಪ್, ಇಂಗ್ಲಿಷ್, ಜಪಾನಿ. ತಿಂಗಳಿಗೊಮ್ಮೆ ಮೌಲ್ಯಮಾಪನ. ಚೆನ್ನಾಗಿ ಮಾಡದವನು ಮುಂದಿನ ತಿಂಗಳು ಇರುವುದಿಲ್ಲ. ತೂಕ ನೋಡುತ್ತಾರೆ. ಊರು ಬಿಟ್ಟು ಬಂದವರು ಒಂದೇ ಮನೆಯಲ್ಲಿ ಸಾಲಾಗಿ ಮಲಗುತ್ತಾರೆ. ಎಷ್ಟೋ ಮಕ್ಕಳು ಐದಾರು ವರ್ಷ ಹೀಗೆ ಕಳೆದು, ವೇದಿಕೆ ಹತ್ತದೆ ಮನೆಗೆ ಹೋಗುತ್ತಾರೆ. ಅವರ ಹೆಸರು ನಮಗೆ ಯಾರಿಗೂ ಗೊತ್ತಾಗುವುದಿಲ್ಲ. ವೇದಿಕೆ ಹತ್ತಿದವರಿಗೂ ಕೈಗೆ ಹಣ ಬರಲು ಎಷ್ಟೋ ಸಲ ವರ್ಷಗಳು ಬೇಕು, ಯಾಕೆಂದರೆ ಕಂಪನಿ ಮಾಡಿದ ಖರ್ಚು ಮೊದಲು ಕಳೆಯುತ್ತದೆ.

ಟಿವಿಎಕ್ಸ್‌ಕ್ಯೂನ ಐವರಲ್ಲಿ ಮೂವರು 2009ರ ಜುಲೈನಲ್ಲಿ ಕೋರ್ಟಿಗೆ ಹೋದರು. ಅವರ ಒಪ್ಪಂದ 13 ವರ್ಷದ್ದು. ಹುಡುಗನಾಗಿ ಸಹಿ ಹಾಕಿದವನು ಮೂವತ್ತು ದಾಟುವವರೆಗೆ ಅದರೊಳಗೇ ಇರಬೇಕು. ಕೋರ್ಟು ಮಧ್ಯಂತರ ಆದೇಶದಲ್ಲಿ ಮೂವರ ಪರ ನಿಂತಿತು. ಅದೇ ವರ್ಷ ಕೊರಿಯಾದ ಫೇರ್ ಟ್ರೇಡ್ ಕಮಿಷನ್ ಒಂದು ಮಾದರಿ ಒಪ್ಪಂದ ತಂದಿತು. ಏಳು ವರ್ಷ ಮೀರುವಂತಿಲ್ಲ ಎಂದು. ಆದರೂ ಹೊರಬಂದ ಮೂವರಿಗೆ ಎಷ್ಟೋ ವರ್ಷ ಟಿವಿ ಬಾಗಿಲು ಮುಚ್ಚಿಯೇ ಇತ್ತು. ಆ ಅನ್ಯಾಯ ತಡೆಯಲು 2015ರಲ್ಲಿ ಪ್ರಸಾರ ಕಾಯ್ದೆಯನ್ನೇ ತಿದ್ದಬೇಕಾಯಿತು. ಈ ಜಗಳವನ್ನು ಅಭಿಮಾನಿಗಳು ಕೈಬಿಡಲಿಲ್ಲ, ಪತ್ರ ಬರೆದರು, ಜಾಹೀರಾತು ಕೊಟ್ಟರು. ಹುಡುಗರ ಹಿಂದೆ ಸುಮ್ನೆ ಕಿರುಚುವ ಹುಡುಗಿಯರು ಎಂದು ಜಗತ್ತು ಯಾರನ್ನು ಕರೆಯಿತೋ, ಕಾನೂನು ಬದಲಾಗುವ ಮಟ್ಟಿಗೆ ಮಾತಾಡಿದವರು ಅವರೇ.

ಈಗ ಬಿಟಿಎಸ್‌ಗೆ ಬರುತ್ತೇನೆ.

2013ರ ಜೂನ್ 13ರಂದು ಅವರು ವೇದಿಕೆಗೆ ಬಂದಾಗ ಅವರ ಹಿಂದೆ ಎಸ್‌ಎಂ ಇರಲಿಲ್ಲ, ವೈಜಿ ಇರಲಿಲ್ಲ, ಜೆವೈಪಿ ಎಂಬ ಇನ್ನೊಂದು ದೊಡ್ಡ ಕಂಪನಿಯೂ ಇರಲಿಲ್ಲ. ಬಾಂಗ್ ಶಿ-ಹ್ಯುಕ್ ಎಂಬ ಸಂಗೀತ ನಿರ್ಮಾಪಕರು 2005ರಲ್ಲಿ ಶುರು ಮಾಡಿದ ಬಿಗ್ ಹಿಟ್ ಎಂಬ ಸಣ್ಣ ಕಂಪನಿ ಇತ್ತು. ಏಳು ಜನರಲ್ಲಿ ಯಾರೂ ಸೋಲ್ ನಗರದಲ್ಲಿ ಬೆಳೆದವರಲ್ಲ. ಶುಗಾ ಮತ್ತು ವಿ ದೇಗು ಕಡೆಯವರು, ಜಿಮಿನ್ ಮತ್ತು ಜಂಗ್‌ಕುಕ್ ಬುಸಾನ್‌ನವರು, ಜೆ-ಹೋಪ್ ಗ್ವಾಂಗ್ಜುನವನು. ಊರಿನ ಮಾತಿನ ಧಾಟಿಯಲ್ಲೇ ಅವರು ಒಂದು ಹಾಡು ಕೂಡ ಮಾಡಿದ್ದಾರೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ತನ್ನ ಊರಿನ ಕನ್ನಡ ಮಾತಾಡಲು ಹಿಂಜರಿದ ಯಾರಿಗೇ ಆದರೂ ಆ ಹಾಡು ತಟ್ಟುತ್ತದೆ.

ಟಿವಿಯವರು ಹೆಚ್ಚು ಸಮಯ ಕೊಡಲಿಲ್ಲ. ಅವರು ಟ್ವಿಟರ್‌ಗೆ ಬಂದರು. ತಂಡ ಹೊರಬರುವ ಮೊದಲೇ ಅಭ್ಯಾಸದ ಕೋಣೆಯಲ್ಲಿ ಕೂತು, ಕ್ಯಾಮೆರಾ ಮುಂದೆ ಇವತ್ತು ಏನಾಯಿತು ಎಂದು ಹೇಳುವ ಸಣ್ಣ ಸಣ್ಣ ವಿಡಿಯೊ ಹಾಕುತ್ತಿದ್ದರು. ಸುಸ್ತಾಗಿದೆ, ಹೆಜ್ಜೆ ಬರುತ್ತಿಲ್ಲ, ಬೈಸಿಕೊಂಡೆ, ಇಂಥವೇ. ಪರದೆಯ ಈಚೆ ಇದ್ದ ಹುಡುಗಿಗೆ ಅದು ತನ್ನದೇ ದಿನದ ಹಾಗೆ ಕಂಡಿತು.

ಅವರ ಮೊದಲ ಹಾಡು ಕೇಳುವುದೂ ಅದನ್ನೇ. ನಿನ್ನ ಕನಸು ಯಾವುದು, ಅಪ್ಪ ಅಮ್ಮ ಹೇಳಿಕೊಟ್ಟದ್ದಾ, ನಿನ್ನದೇನಾ? ಸಿಯೋ ತೈಜಿ 1994ರಲ್ಲಿ ಕೇಳಿದ ಪ್ರಶ್ನೆ ಹತ್ತೊಂಬತ್ತು ವರ್ಷದ ಮೇಲೆ ಮತ್ತೆ ಬಂತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2015ರ ಅವರ ಇನ್ನೊಂದು ಹಾಡು. ಕೊರಿಯಾದಲ್ಲಿ ಒಂದು ಗಾದೆ ಇದೆ. ಸಣ್ಣ ಹಕ್ಕಿಯೊಂದು ಕೊಕ್ಕರೆಯ ಹಾಗೆ ನಡೆಯಲು ಹೋದರೆ ಅದರ ಕಾಲು ಹರಿದುಹೋಗುತ್ತದೆ ಅಂತ. ನವಿಲು ಕುಣಿಯಿತು ಅಂತ ಕೆಂಬೂತ ಪುಕ್ಕ ಕೆದರಿತು ಅನ್ನುತ್ತೇವಲ್ಲ, ಅದರ ಅಣ್ಣನೋ ತಮ್ಮನೋ ಇದು. ನಿನ್ನ ಯೋಗ್ಯತೆ ಇಷ್ಟೇ, ತೆಪ್ಪಗಿರು ಎಂದು ಮಕ್ಕಳಿಗೆ ಹೇಳುವ ಮಾತು. ಬಿಟಿಎಸ್ ಆ ಸಣ್ಣ ಹಕ್ಕಿಯ ಕಡೆ ನಿಂತು ಹಾಡಿತು. ಉದ್ದ ಕಾಲಿನವರಿಗಾಗಿಯೇ ದಾರಿ ಹಾಕಿ, ನಮ್ಮ ಕಾಲು ಗಿಡ್ಡ ಎಂದು ನಮ್ಮನ್ನೇ ಬೈಯುತ್ತೀರಲ್ಲ ಎಂದಿತು. ಓದಿದರೂ ಕೆಲಸ ಸಿಗದ, ದುಡಿದರೂ ಮನೆ ಕೊಳ್ಳಲಾಗದ ಒಂದು ತಲೆಮಾರು ಆಗ ಕೊರಿಯಾದಲ್ಲಿ ತನ್ನ ದೇಶವನ್ನೇ ನರಕ ಎಂದು ಕರೆಯುತ್ತಿತ್ತು. ಅವರ ಪರವಾಗಿ ಬಂದ ಹಾಡು ಅದು. ನಮ್ಮ ಗಾದೆಯ ಕೆಂಬೂತದ ಕಡೆಯಿಂದ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ, ಬೇಗ ಹೇಳಿ ಮುಗಿಸುತ್ತೇನೆ. 2015ರ ಮೇ ತಿಂಗಳಲ್ಲಿ ಕೊರಿಯಾದ ಟಿವಿ ಸಂಗೀತ ಕಾರ್ಯಕ್ರಮದಲ್ಲಿ ಮೊದಲ ಗೆಲುವು, ಬಂದು ಎರಡು ವರ್ಷದ ಮೇಲೆ. 2017ರಲ್ಲಿ ಬಿಲ್‌ಬೋರ್ಡ್ ಪ್ರಶಸ್ತಿ, ಆರು ವರ್ಷ ಜಸ್ಟಿನ್ ಬೀಬರ್ ಒಬ್ಬನೇ ಇಟ್ಟುಕೊಂಡಿದ್ದದ್ದು. 2018ರಲ್ಲಿ ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನ, ಕೊರಿಯಾದ ಯಾರಿಗೂ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ತಂಡದ ನಾಯಕ ಆರ್‌ಎಂ ಭಾಷಣ. 2019ರಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಕಾರ್ಯಕ್ರಮ. 2020ರಲ್ಲಿ ಇಂಗ್ಲಿಷ್ ಹಾಡು ಅಮೆರಿಕದ ಪಟ್ಟಿಯ ತುದಿಗೆ ಹೋಯಿತು, ಸ್ವಲ್ಪ ದಿನಕ್ಕೆ ಹೆಚ್ಚುಕಡಿಮೆ ಪೂರ್ತಿ ಕೊರಿಯನ್ ಇದ್ದ ಹಾಡೂ ಹೋಯಿತು. ಎರಡನೆಯದೇ ನನಗೆ ದೊಡ್ಡದು. ತನ್ನ ಭಾಷೆ ಬಿಡದೆಯೇ ಅಲ್ಲಿ ಹೋಗಿ ನಿಂತದ್ದು.

ಇದರಲ್ಲಿ ಅಭಿಮಾನಿಗಳ ಪಾಲು ಎಷ್ಟು ಎಂದು ಹೊರಗಿನವರಿಗೆ ಅಂದಾಜಾಗುವುದು ಕಷ್ಟ. ಒಂದು ವಿಡಿಯೊ ಬಂದ ಸ್ವಲ್ಪ ಹೊತ್ತಿಗೆ ಯಾರೋ ಕೂತು ಅದನ್ನು ಇಂಗ್ಲಿಷಿಗೆ ತಂದಿರುತ್ತಾರೆ, ಅಲ್ಲಿಂದ ಇನ್ನೊಬ್ಬರು ಸ್ಪ್ಯಾನಿಷ್‌ಗೆ, ಅರೇಬಿಕ್‌ಗೆ, ಹಿಂದಿಗೆ. ಯಾರಿಗೂ ಸಂಬಳ ಇಲ್ಲ. 2020ರ ಜೂನ್‌ನಲ್ಲಿ ಬಿಟಿಎಸ್ ಮತ್ತು ಅವರ ಕಂಪನಿ ಅಮೆರಿಕದ ಕಪ್ಪು ಜನರ ಹೋರಾಟಕ್ಕೆ 10 ಲಕ್ಷ ಡಾಲರ್ ಕೊಟ್ಟಿತು ಎಂದು ಗೊತ್ತಾದಾಗ, ಅಭಿಮಾನಿಗಳು ಹೆಚ್ಚುಕಡಿಮೆ ಒಂದೇ ದಿನದಲ್ಲಿ ಅಷ್ಟೇ ಹಣ ಕೂಡಿಸಿದರು. 2021ರ ಬೇಸಿಗೆಯಲ್ಲಿ ನಮ್ಮ ದೇಶದಲ್ಲಿ ಆಕ್ಸಿಜನ್‌ಗೆ ಜನ ಪರದಾಡುತ್ತಿದ್ದಾಗ ಇಲ್ಲಿನ ಆರ್ಮಿ (ಬಿಟಿಎಸ್ ಅಭಿಮಾನಿಗಳ ಬಳಗದ ಹೆಸರು ಅದು) ಹುಡುಗಿಯರು ಆನ್‌ಲೈನ್‌ನಲ್ಲಿ ಲಕ್ಷಗಟ್ಟಲೆ ರೂಪಾಯಿ ಎತ್ತಿದರು. ಅದರಲ್ಲಿ ಎಷ್ಟೋ ಪಾಕೆಟ್ ಮನಿಯ ನೂರು, ಇನ್ನೂರು ರೂಪಾಯಿಗಳು. ಬಿಟಿಎಸ್ ಅಷ್ಟರವರೆಗೆ ಭಾರತದಲ್ಲಿ ಒಂದೇ ಒಂದು ಕಾರ್ಯಕ್ರಮ ಕೊಟ್ಟಿರಲಿಲ್ಲ.

ನನಗೆ ಬೇಸರ ತರುವ ಸಂಗತಿಯೂ ಇಲ್ಲಿಯೇ ಇದೆ. ಆಲ್ಬಮ್ಮಿನ ಒಳಗೆ ಒಂದು ಫೋಟೊಕಾರ್ಡ್ ಇರುತ್ತದೆ. ಯಾರದು ಸಿಗುತ್ತದೆ ಎಂದು ತೆರೆಯುವವರೆಗೆ ಗೊತ್ತಿಲ್ಲ. ತನಗೆ ಬೇಕಾದವನ ಕಾರ್ಡ್ ಸಿಗುವವರೆಗೆ ಅದೇ ಆಲ್ಬಮ್ಮನ್ನು ಮತ್ತೆ ಮತ್ತೆ ಕೊಳ್ಳಬೇಕು. ಹೆಚ್ಚು ಕೊಂಡವರಿಗೆ ಲಾಟರಿಯಲ್ಲಿ ವಿಡಿಯೊ ಕಾಲ್ ಸಿಗಬಹುದು. ಕೊರಿಯಾದಲ್ಲಿ ಸಿಡಿಗಳ ರಾಶಿಯನ್ನು ಬೀದಿಯಲ್ಲೇ ಬಿಟ್ಟು ಹೋದ ಫೋಟೊಗಳನ್ನು ನೋಡಿದ್ದೇನೆ. ಪ್ರೀತಿಯನ್ನು ಹೀಗೆ ಲೆಕ್ಕ ಹಾಕಿ ಹಿಂಡುವುದು ನನಗೆ ಒಪ್ಪಿಗೆಯಿಲ್ಲ. ಸಂತೋಷದ ಸಂಗತಿ ಎಂದರೆ ಇದನ್ನು ಜೋರಾಗಿ ಪ್ರಶ್ನಿಸುತ್ತಿರುವವರೂ ಅಭಿಮಾನಿಗಳೇ. ಕೆಪಾಪ್ ಫಾರ್ ಪ್ಲಾನೆಟ್ ಎಂಬ ಗುಂಪು 2021ರಿಂದ ಈ ಪ್ಲಾಸ್ಟಿಕ್ ವಿರುದ್ಧ ಕಂಪನಿಗಳ ಬೆನ್ನು ಹತ್ತಿದೆ.

ನಮ್ಮ ಸ್ಟಾಫ್ ರೂಮಿನಲ್ಲಿ ಈ ಮಾತು ಬಂದರೆ ಮೊದಲು ಕೇಳಿಬರುವುದು, ಆ ಹುಡುಗರು ಲಿಪ್‌ಸ್ಟಿಕ್ ಹಾಕುತ್ತಾರೆ, ಹುಡುಗಿಯರ ಥರ ಇದ್ದಾರೆ ಎನ್ನುವುದು. ನಮ್ಮ ಯಕ್ಷಗಾನದ ಊರಲ್ಲಿ ಗಂಡಸರ ಮುಖದ ಬಣ್ಣಕ್ಕೆ ಯಾಕೆ ಗಾಬರಿಯಾಗಬೇಕೋ ನನಗೆ ತಿಳಿಯದು. ಅವರು ಅಳುತ್ತಾರೆ, ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ, ಭಯವಾಗಿದೆ ಅನ್ನುತ್ತಾರೆ. ಹದಿನೇಳರ ಹುಡುಗಿಗೆ ಸುತ್ತ ಕಾಣುವ ಗಂಡಸರಲ್ಲಿ ಇಂಥವರು ಎಷ್ಟು ಜನ? ಹುಡುಗರಿಗೂ ಇದು ಬೇಕು. ನಮ್ಮ ಕಾಲೇಜಿನ ಡೇ ಫಂಕ್ಷನ್‌ನಲ್ಲಿ ಸ್ಟ್ರೇ ಕಿಡ್ಸ್ ಹಾಡಿಗೆ ಕುಣಿದವರು ವಾಣಿಜ್ಯ ವಿಭಾಗದ ಐವರು ಹುಡುಗರು. ಆ ತಂಡದ ಹಾಡುಗಳನ್ನು ಅದರದೇ ಮೂವರು ಸದಸ್ಯರು ಕೂತು ಬರೆಯುತ್ತಾರೆ ಎಂದು ನನಗೆ ಹೇಳಿದ್ದೂ ಅವರೇ.

ಇಷ್ಟು ಹೇಳಿದ ಮೇಲೆ ಜಾಂಗ್‌ಹ್ಯೂನ್ ಹೆಸರು ಹೇಳದೆ ಮುಂದೆ ಹೋಗಲಾರೆ. ಶೈನೀ ತಂಡದ ಹಾಡುಗಾರ. ತಾನೇ ಹಾಡು ಬರೆಯುತ್ತಿದ್ದ. ರಾತ್ರಿ ರೇಡಿಯೊದಲ್ಲಿ ಕೂತು ಕೇಳುಗರ ಕಷ್ಟ ಕೇಳಿಸಿಕೊಳ್ಳುತ್ತಿದ್ದ. ಇನ್ನೊಬ್ಬ ಗಾಯಕಿಗಾಗಿ ಅವನು ಬರೆದ, ನಿಟ್ಟುಸಿರು ಬಿಟ್ಟರೂ ಪರವಾಗಿಲ್ಲ ಎಂದು ಸಮಾಧಾನ ಹೇಳುವ ಹಾಡನ್ನು ಕೊರಿಯಾದಲ್ಲಿ ಎಷ್ಟೋ ಜನ ತಮ್ಮ ಕೆಟ್ಟ ದಿನಗಳಲ್ಲಿ ಕೇಳುತ್ತಾರೆ. 2017ರ ಡಿಸೆಂಬರ್ 18ರಂದು ಅವನು ತೀರಿಕೊಂಡ. ಖಿನ್ನತೆಯಿಂದ ಬಳಲುತ್ತಿದ್ದ. ವಯಸ್ಸು ಇಪ್ಪತ್ತೇಳು. ಅವನ ತಾಯಿ ಆಮೇಲೆ ಒಂದು ಪ್ರತಿಷ್ಠಾನ ಕಟ್ಟಿದರು. ಕಷ್ಟದಲ್ಲಿರುವ ಎಳೆಯ ಕಲಾವಿದರಿಗೆ ಅದು ನೆರವು ಕೊಡುತ್ತದೆ, ಆಪ್ತ ಸಮಾಲೋಚನೆಗೆ ದಾರಿ ಮಾಡಿಕೊಡುತ್ತದೆ. ಎಲ್ಲರನ್ನೂ ಊಟ ಆಯ್ತಾ ಅಂತ ಕೇಳುವ ಹುಡುಗನನ್ನು ಯಾರು ಕೇಳುತ್ತಾರೆ ಎಂಬ ಪ್ರಶ್ನೆ ಆ ದಿನದಿಂದ ಈ ಲೋಕದಲ್ಲಿ ಉಳಿದಿದೆ.

2022ರ ಜೂನ್‌ನಲ್ಲಿ ಬಿಟಿಎಸ್‌ನ ಏಳೂ ಜನ ಊಟದ ಮೇಜಿನ ಸುತ್ತ ಕೂತು, ಇನ್ನು ಸ್ವಲ್ಪ ಕಾಲ ಒಬ್ಬೊಬ್ಬರೇ ಕೆಲಸ ಮಾಡುತ್ತೇವೆ ಎಂದರು. ಈ ವ್ಯವಸ್ಥೆ ಮನುಷ್ಯನಿಗೆ ಮಾಗಲು ಸಮಯವೇ ಕೊಡುವುದಿಲ್ಲ ಎಂದು ಆರ್‌ಎಂ ಹೇಳಿದ. ಜಗತ್ತಿನ ಅತಿ ದೊಡ್ಡ ತಂಡದ ನಾಯಕ ಕ್ಯಾಮೆರಾ ಮುಂದೆ ಹಾಗೆ ಹೇಳಲು ಬಹಳ ಧೈರ್ಯ ಬೇಕು. ಅದಾದ ಮೇಲೆ ಕೊರಿಯಾದ ಗಂಡಸರಿಗೆ ಕಡ್ಡಾಯವಾದ ಸೈನ್ಯ ಸೇವೆಯ ಸರದಿ. ಒಲಿಂಪಿಕ್ ಪದಕ ಗೆದ್ದವರಿಗೆ, ಕೆಲವು ಶಾಸ್ತ್ರೀಯ ಸಂಗೀತ ಸ್ಪರ್ಧೆ ಗೆದ್ದವರಿಗೆ ಕೊರಿಯಾದಲ್ಲಿ ಸೈನ್ಯ ಸೇವೆಯಲ್ಲಿ ವಿನಾಯಿತಿ ಇದೆ. ಪಾಪ್ ಹಾಡುವವರಿಗೆ ಇಲ್ಲ. 2020ರಲ್ಲಿ ಕಾನೂನು ತಿದ್ದಿ ಮೂವತ್ತರವರೆಗೆ ಮುಂದೂಡಲು ಮಾತ್ರ ಬಿಟ್ಟರು. ಹಿರಿಯವನಾದ ಜಿನ್ 2022ರ ಡಿಸೆಂಬರ್‌ನಲ್ಲಿ ತಲೆ ಬೋಳಿಸಿಕೊಂಡು ಹೋದ. ಕೊನೆಯವನಾಗಿ ಶುಗಾ ಹೊರಬಂದದ್ದು 2025ರ ಜೂನ್‌ನಲ್ಲಿ.

ಆ ಎರಡೂವರೆ ವರ್ಷದಲ್ಲಿ ತಂಡ ವೇದಿಕೆಯಲ್ಲಿ ಇಲ್ಲದಿದ್ದರೂ ಜಾಗ ಖಾಲಿ ಉಳಿಯಲಿಲ್ಲ. ಹದಿಮೂರು ಹುಡುಗರ ಸೆವೆಂಟೀನ್ ತಂಡದ ಆಲ್ಬಮ್ 2023ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾಯಿತು. ಕೊರಿಯನ್ ಕಲ್ಚರಲ್ ಸೆಂಟರ್ ನಮ್ಮ ದೇಶದಲ್ಲಿ ನಡೆಸುವ ಕೆ-ಪಾಪ್ ಸ್ಪರ್ಧೆಯ ಸುತ್ತು ಬೆಂಗಳೂರಲ್ಲೂ ನಡೆಯುತ್ತದೆ. ಹೋಗಲೇಬೇಕು ಎಂದು ನಮ್ಮ ಹುಡುಗಿಯರಲ್ಲಿ ಇಬ್ಬರಿಗೆ ಆಸೆ. ಮನೆಯಲ್ಲಿ ಇನ್ನೂ ಕೇಳಿಲ್ಲ.

ಕೊನೆಗೆ ಹೆಸರಿನ ವಿಷಯ. 2018ರ ಅಕ್ಟೋಬರ್‌ನಲ್ಲಿ ಎಚ್.ಒ.ಟಿ.ಯ ಐವರು ಹದಿನೇಳು ವರ್ಷದ ಮೇಲೆ ಸೋಲ್‌ನ ಒಲಿಂಪಿಕ್ ಮೈದಾನದಲ್ಲಿ ಮತ್ತೆ ಒಟ್ಟಿಗೆ ಹಾಡಿದರು. ಮೈದಾನ ಬಿಳಿ ಬಣ್ಣದಿಂದ ತುಂಬಿತ್ತು. ಬಂದವರಲ್ಲಿ ಎಷ್ಟೋ ಜನ ಈಗ ತಾಯಂದಿರು. ಆದರೆ ಪೋಸ್ಟರ್ ಮೇಲೆ ಎಚ್.ಒ.ಟಿ. ಎಂದು ಹಾಕುವಂತಿರಲಿಲ್ಲ. ಆ ಹೆಸರಿನ ಹಕ್ಕು ಬೇರೆಯವರ ಕೈಯಲ್ಲಿತ್ತು. ಬೀಸ್ಟ್ ತಂಡಕ್ಕೂ ಹೀಗೇ ಆಯಿತು. ಕಂಪನಿ ಬಿಟ್ಟ ಮೇಲೆ ಹೆಸರು ಸಿಗದೆ 2017ರಲ್ಲಿ ಹೈಲೈಟ್ ಎಂದು ಬದಲಾಯಿಸಿಕೊಂಡರು. ಹಳೆಯ ಹೆಸರು ಬಳಸಲು ಒಪ್ಪಂದವಾದದ್ದು 2024ರಲ್ಲಿ. ಶಿನ್ಹ್ವಾ ತಂಡದವರು ಮಾತ್ರ 1998ರಿಂದ ಒಟ್ಟಿಗೆ ಉಳಿದು, ವರ್ಷಗಟ್ಟಲೆ ಜಗಳವಾಡಿ, 2015ರಲ್ಲಿ ತಮ್ಮ ಹೆಸರನ್ನು ತಮ್ಮದಾಗಿ ಮಾಡಿಕೊಂಡರು. ಗಾಟ್‌ಸೆವೆನ್‌ನ ಏಳೂ ಜನ 2021ರ ಜನವರಿಯಲ್ಲಿ ಒಟ್ಟಿಗೆ ಕಂಪನಿ ಬಿಟ್ಟು, ಹೆಸರನ್ನೂ ಜೊತೆಗೆ ತಂದುಕೊಂಡು, ಮರುವರ್ಷ ಅದೇ ಹೆಸರಿನಲ್ಲಿ ಹೊಸ ಹಾಡು ಹಾಡಿದರು.

ಇದನ್ನೆಲ್ಲ ನಾನು ಓದಿ ತಿಳಿದುಕೊಂಡು ತರಗತಿಯಲ್ಲಿ ಹೇಳಿದರೆ, ನಮ್ಮ ಹುಡುಗಿಯರಿಗೆ ಆಗಲೇ ಗೊತ್ತಿತ್ತು. ಯಾವ ತಂಡದ ಏಳು ವರ್ಷದ ಒಪ್ಪಂದ ಯಾವ ತಿಂಗಳಿಗೆ ಮುಗಿಯುತ್ತದೆ, ಯಾರು ಮತ್ತೆ ಸಹಿ ಹಾಕಿದರು, ಹೆಸರು ಯಾರ ಹತ್ತಿರ ಉಳಿಯಿತು, ಎಲ್ಲದರ ಲೆಕ್ಕ ಅವರ ಬಳಿ ಇದೆ. ಸಹಿ ಹಾಕುವ ಮೊದಲು ಒಪ್ಪಂದವನ್ನು ಪೂರ್ತಿ ಓದಬೇಕಲ್ವಾ ಮೇಡಂ ಎಂದು ಒಬ್ಬಳು ಕೇಳಿದಳು. ಅವತ್ತು ಉಳಿದ ಅರ್ಧ ಗಂಟೆ ನಾವು ಒಪ್ಪಂದಗಳ ಬಗ್ಗೆಯೇ ಮಾತಾಡಿದೆವು.